ಒಂದು ಪಹಣಿ, ಹಲವು ಪ್ರತಿ
ನಿಧಾನದ ಲೈನಿನ ಮೇಲೆ ದಾಖಲೆಗಳು ಸಾಗುವ ಬಗೆ



ನಿಮ್ಮ ಜಮೀನಿನ ಪಹಣಿಯನ್ನು ನೀವು ನಾಡಕಚೇರಿಯಲ್ಲಿ ತೆಗೆಸುತ್ತೀರಿ. ನಿಮ್ಮ ಭಾವಮೈದುನ ಅದನ್ನೇ ಬೆಂಗಳೂರಿನಲ್ಲಿ ಕುಳಿತು ಫೋನಿನಲ್ಲಿ ನೋಡುತ್ತಾನೆ. ಸಾಲ ಕೊಡುವ ಬ್ಯಾಂಕಿನವರು ತಮ್ಮ ಮೇಜಿನ ಮೇಲೆಯೇ ನೋಡುತ್ತಾರೆ. ಕ್ರಯಪತ್ರ ನೋಂದಾಯಿಸಲು ಹೋದರೆ ಉಪನೋಂದಣಿ ಕಚೇರಿಯಲ್ಲಿಯೂ ಅದು ಕಾಣುತ್ತದೆ. ಜಮೀನು ಒಂದೇ. ಹಾಗಿದ್ದರೆ ಇಷ್ಟು ಕಡೆ ಕಾಣುತ್ತಿರುವುದು ಮೂಲವೇ, ನಕಲೇ? ನಕಲಾದರೆ ಯಾವ ಹೊತ್ತಿನ ನಕಲು? ಈ ಎರಡು ಪ್ರಶ್ನೆಗಳನ್ನು ಕೇಳದೆ, ಯಾರೋ ತಂದುಕೊಟ್ಟ ಕಾಗದವನ್ನು ನಂಬಿ ಮುಂಗಡ ಕೊಟ್ಟವರಿಗೆ ಆಗುವ ನಷ್ಟ ಒಂದು ವರ್ಷದ ಬೆಳೆಯ ನಷ್ಟಕ್ಕಿಂತ ದೊಡ್ಡದು. ಆದಕಾರಣ ಒಂದು ದಾಖಲೆಯನ್ನು ಹಲವು ಸ್ಥಳಗಳಲ್ಲಿ ಇಡುವ ವಿದ್ಯೆ ಹೇಗೆ ನಡೆಯುತ್ತದೆ ಎಂಬುದನ್ನು ಈ ಸಂಚಿಕೆಯಲ್ಲಿ ನೋಡೋಣ. ಗಣಕಯಂತ್ರದವರು ದಾಖಲೆಗಳ ಭಂಡಾರವನ್ನು ಡೇಟಾಬೇಸ್ ಎಂದೂ, ಅದರ ಪ್ರತಿಗಳನ್ನು ಬೇರೆ ಬೇರೆ ಊರುಗಳಲ್ಲಿ ಇಟ್ಟು ಒಂದಕ್ಕೊಂದು ಸರಿಹೊಂದಿಸುವುದನ್ನು ರೆಪ್ಲಿಕೇಷನ್ ಎಂದೂ ಕರೆಯುತ್ತಾರೆ. ಹೆಸರು ಹೊಸದು, ಕೆಲಸ ನಮ್ಮ ಸೀಮೆಗೆ ಹೊಸದಲ್ಲ.

ಹಿಂದಿನ ಕ್ರಮ

ಹಳೆಯ ಮೈಸೂರು ಸೀಮೆಯಲ್ಲಿ ಗ್ರಾಮದ ಲೆಕ್ಕಗಳು ಶಾನುಭೋಗರ ವಶದಲ್ಲಿರುತ್ತಿದ್ದವು. ತಾಲ್ಲೂಕು ಕಚೇರಿಯಲ್ಲಿ ಅವಕ್ಕೆ ಹೊಂದುವ ಲೆಕ್ಕಗಳು ಬೇರೆ ಇದ್ದವು. ಎರಡರ ಮಧ್ಯೆ ಇದ್ದ ಲೈನು ಎಂದರೆ ಎತ್ತಿನ ಗಾಡಿ, ಇಲ್ಲವೆ ಶಾನುಭೋಗರ ಕಾಲು. ವರ್ಷಕ್ಕೊಮ್ಮೆ ಜಮಾಬಂದಿ ನಡೆದಾಗ ಗ್ರಾಮದ ಪುಸ್ತಕಗಳನ್ನು ಮುಂದಿಟ್ಟು ಮೇಲಿನವರು ತಾಳೆ ನೋಡುತ್ತಿದ್ದರು. ಆ ಕಾಲದಲ್ಲಿ ಮೂಲಕ್ಕೂ ಪ್ರತಿಗೂ ಒಂದು ವರ್ಷದ ಅಂತರ ಬಿದ್ದರೂ ಯಾರೂ ಬೆರಗಾಗುತ್ತಿರಲಿಲ್ಲ. ಜಮೀನು ಕೈ ಬದಲಾಯಿಸುವುದೂ ಅಪರೂಪವಾಗಿತ್ತು. ಬದಲಾದರೆ ಊರಿಗೆಲ್ಲ ಗೊತ್ತಾಗುತ್ತಿತ್ತು.

1961ರ ಗ್ರಾಮಾಧಿಕಾರಗಳ ರದ್ದತಿ ಕಾನೂನು 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು. ಪಹಣಿ ಪುಸ್ತಕಗಳು ಗ್ರಾಮ ಲೆಕ್ಕಿಗರ ಕೈಗೆ ಬಂದವು. ರಾಜ್ಯದಲ್ಲಿ ಸುಮಾರು 9,000 ಮಂದಿ ಲೆಕ್ಕಿಗರು. ಒಬ್ಬೊಬ್ಬರಿಗೆ ಮೂರು ನಾಲ್ಕು ಗ್ರಾಮಗಳು. ಲೆಕ್ಕಿಗರು ಸಿಕ್ಕಿದ ದಿವಸ ಪಹಣಿ, ಸಿಗದ ದಿವಸ ಇಲ್ಲ. ಪುಸ್ತಕದಲ್ಲಿ ಏನು ಬರೆದಿದೆ, ಯಾವಾಗ ತಿದ್ದಿದೆ ಎಂಬುದನ್ನು ನೋಡಲು ಎರಡನೆಯ ಪ್ರತಿ ರೈತನಿಗೆ ಎಲ್ಲಿಯೂ ಸಿಗುತ್ತಿರಲಿಲ್ಲ. ಪ್ರತಿಗಳು ಹೆಚ್ಚಾದರೆ ತೊಡಕು ಹೆಚ್ಚು ಎಂಬುದು ನಿಜ. ಆದರೆ ಒಂದೇ ಪ್ರತಿ ಇದ್ದರೆ ಅದನ್ನು ಇಟ್ಟುಕೊಂಡವರೇ ದೊರೆ.

ಭೂಮಿ ಯೋಜನೆ

ಈ ಕಷ್ಟವನ್ನು ನೀಗಲು ಬಂದದ್ದು ‘ಭೂಮಿ’. 2002ರ ಹೊತ್ತಿಗೆ ಆಗಿನ 177 ತಾಲ್ಲೂಕುಗಳಲ್ಲಿಯೂ ಭೂಮಿ ಕೇಂದ್ರಗಳು ತೆರೆದಿದ್ದವು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದರು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಅಚ್ಚಾಗಿ ಕೈಗೆ ಬರುತ್ತಿತ್ತು. ದಾಖಲೆ ತಿದ್ದುವ ನೌಕರರು ಬೆರಳಚ್ಚು ಒತ್ತಿದ ಮೇಲೆಯೇ ಯಂತ್ರ ತೆರೆಯುತ್ತಿತ್ತು. ಯಾರು ತಿದ್ದಿದರು ಎಂಬುದು ಉಳಿಯಲಿ ಎಂದು ಆ ಏರ್ಪಾಡು.

ಇಲ್ಲಿ ಗಮನಿಸತಕ್ಕ ಸಂಗತಿ ಒಂದುಂಟು. ಆ ಮೊದಲ ವರ್ಷಗಳಲ್ಲಿ ರಾಮನಗರದ ಪಹಣಿ ರಾಮನಗರದ ಯಂತ್ರದಲ್ಲಿ, ಮಾಗಡಿಯದು ಮಾಗಡಿಯ ಯಂತ್ರದಲ್ಲಿ, ಹೀಗೆ ಪ್ರತಿ ತಾಲ್ಲೂಕಿನ ಭಂಡಾರವೂ ಆಯಾ ತಾಲ್ಲೂಕು ಕಚೇರಿಯಲ್ಲಿಯೇ ಇತ್ತು. ಎಲ್ಲವನ್ನೂ ಬೆಂಗಳೂರಿನಲ್ಲಿ ಒಂದೇ ಕಡೆ ಇಟ್ಟಿದ್ದರೆ ಈ ತಂಟೆಯೇ ಇರುತ್ತಿರಲಿಲ್ಲವಲ್ಲ ಎಂದು ನೀವು ಕೇಳಬಹುದು. ಆಗಿನ ಟೆಲಿಫೋನು ಲೈನುಗಳ ಸ್ಥಿತಿಯನ್ನು ನೆನಸಿಕೊಂಡರೆ ಉತ್ತರ ತಾನೇ ತಿಳಿಯುತ್ತದೆ. ಮಳೆ ಬಂದರೆ ಲೈನು ಇಲ್ಲ, ರಸ್ತೆ ಅಗೆದರೆ ಲೈನು ಇಲ್ಲ. ಮೂಲವನ್ನು ದೂರದಲ್ಲಿಟ್ಟು, ಲೈನು ಕಡಿದ ದಿವಸ ರೈತನನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸುವುದಕ್ಕಿಂತ, ದಾಖಲೆಯನ್ನು ಅದು ಬೇಕಾದ ಕಡೆಯಲ್ಲೇ ಇಟ್ಟು ನಿಧಾನವಾಗಿ ಪ್ರತಿಯನ್ನು ಮೇಲಕ್ಕೆ ಕಳುಹಿಸುವುದು ಮೇಲು. ಆಗಿನ ಕಾಲಕ್ಕೆ ಅದೇ ಸರಿಯಾದ ಏರ್ಪಾಡೆಂದು ನನ್ನ ಅಭಿಪ್ರಾಯ.

2006ರಿಂದ ಹೋಬಳಿ ಮಟ್ಟದಲ್ಲಿ ಸುಮಾರು 800 ನೆಮ್ಮದಿ ಕೇಂದ್ರಗಳು ಬಂದವು. ಕೋಡಿಹಳ್ಳಿಯ ಕಡೆಯ ರೈತ ಪಹಣಿಗಾಗಿ ಕನಕಪುರಕ್ಕೆ ಬರಬೇಕಾಗಿಲ್ಲ ಎಂಬುದು ಅದರ ಉದ್ದೇಶ. ಆದರೆ ಹೋಬಳಿಯಲ್ಲಿ ಅಚ್ಚಾಗಬೇಕಾದರೆ ತಾಲ್ಲೂಕಿನ ದಾಖಲೆ ಮೊದಲು ಬೆಂಗಳೂರಿನ ಭಂಡಾರಕ್ಕೆ ಸೇರಿರಬೇಕು. ಅಲ್ಲಿಂದ ಪ್ರತಿ ಹೊರಡಬೇಕು. ನಿಧಾನದ ಲೈನಿನ ಪಾಠ ನಮಗೆ ನಿಜವಾಗಿ ಶುರುವಾದದ್ದು ಇಲ್ಲಿಂದ.

ನಿಧಾನ ಎಂದರೆ ಎರಡು ಬಗೆ

ಚನ್ನಪಟ್ಟಣದ ಹತ್ತಿರದ ಕಣ್ವ ಜಲಾಶಯದ ನಾಲೆಯನ್ನು ನೆನೆಯಿರಿ. ನಾಲೆ ಕಿರಿದಾಗಿದ್ದರೆ ನೀರು ಸ್ವಲ್ಪವೇ ಬರುತ್ತದೆ. ನಾಲೆ ಅಗಲವಾಗಿದ್ದರೂ ತೂಬು ಎತ್ತಿದ ಕ್ಷಣವೇ ಕೊನೆಯ ಗದ್ದೆಗೆ ನೀರು ಬರುವುದಿಲ್ಲ, ದಾರಿ ಉದ್ದ. ಲೈನಿನಲ್ಲಿಯೂ ಹೀಗೆಯೇ ಕಿರಿದು ಬೇರೆ, ಉದ್ದ ಬೇರೆ. ಕಿರಿದಕ್ಕೆ ಮದ್ದು ಕಡಿಮೆ ಕಳುಹಿಸುವುದು. ಉದ್ದಕ್ಕೆ ಮದ್ದು ಕಡಿಮೆ ಸಲ ಕೇಳುವುದು.

ನೆಮ್ಮದಿ ಕೇಂದ್ರಗಳ ಮಾಳಿಗೆಯ ಮೇಲಿದ್ದ ದೊಡ್ಡ ತಟ್ಟೆ ಕೆಲವರಿಗೆ ನೆನಪಿರಬಹುದು. ಅದು ಉಪಗ್ರಹದ ಮೂಲಕ ಮಾತನಾಡುತ್ತಿತ್ತು. ಅಂಥ ಉಪಗ್ರಹ ಭೂಮಿಯಿಂದ ಸುಮಾರು 36,000 ಕಿಲೋಮೀಟರು ಮೇಲಿರುತ್ತದೆ. ಪ್ರಶ್ನೆ ಮೇಲಕ್ಕೆ ಹೋಗಿ ಕೆಳಗಿಳಿಯಬೇಕು, ಉತ್ತರವೂ ಮೇಲಕ್ಕೆ ಹೋಗಿ ಕೆಳಗಿಳಿಯಬೇಕು. ಒಟ್ಟು 1,44,000 ಕಿಲೋಮೀಟರು. ಸೆಕೆಂಡಿಗೆ 3 ಲಕ್ಷ ಕಿಲೋಮೀಟರು ಓಡುವ ಬೆಳಕಿನ ವೇಗದಲ್ಲಿ ಹೋದರೂ ಅರ್ಧ ಸೆಕೆಂಡು ಬೇಕು. ಒಂದು ಸಲಕ್ಕೆ ಅರ್ಧ ಸೆಕೆಂಡು ಏನೂ ಅಲ್ಲ. ಆದರೆ ಯಂತ್ರವು ಸರ್ವೆ ನಂಬರನ್ನು ಒಮ್ಮೆ, ಹಿಸ್ಸಾವನ್ನು ಒಮ್ಮೆ, ಹೆಸರನ್ನು ಒಮ್ಮೆ, ಹೀಗೆ ನಲವತ್ತು ಸಲ ಬಿಡಿಬಿಡಿಯಾಗಿ ಕೇಳಿದರೆ 20 ಸೆಕೆಂಡು ಕಳೆಯಿತು. ಸಂತೆಗೆ ಹೋದವರು ಉಪ್ಪಿಗೊಮ್ಮೆ ಮೆಣಸಿಗೊಮ್ಮೆ ಮನೆಗೆ ಬಂದು ಹೋಗುವುದಿಲ್ಲ, ಚೀಟಿ ಬರೆದುಕೊಂಡು ಹೋಗುತ್ತಾರೆ. ದಾಖಲೆ ಕಳುಹಿಸುವವರೂ ನೂರು ಬದಲಾವಣೆಗಳನ್ನು ಒಂದೇ ಕಟ್ಟಾಗಿ ಕಳುಹಿಸಿದರೆ ದಾರಿಯ ಉದ್ದ ಒಂದೇ ಸಲ ಲೆಕ್ಕಕ್ಕೆ ಬರುತ್ತದೆ.

ಇನ್ನು ಕಿರಿದಾದ ಲೈನಿನ ಲೆಕ್ಕ. ಒಂದು ತಾಲ್ಲೂಕಿನಲ್ಲಿ 1 ಲಕ್ಷ ಪಹಣಿಗಳಿವೆ, ಒಂದೊಂದೂ 4 ಕಿಲೋಬೈಟ್ ತೂಗುತ್ತದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಒಟ್ಟು 4 ಲಕ್ಷ ಕಿಲೋಬೈಟ್. ಲೈನು ಸೆಕೆಂಡಿಗೆ 64 ಕಿಲೋಬಿಟ್‌ನದು. 8 ಬಿಟ್ಟಿಗೆ 1 ಬೈಟ್ ಆದಕಾರಣ ಸೆಕೆಂಡಿಗೆ 8 ಕಿಲೋಬೈಟ್ ಹೋಗುತ್ತದೆ. ಭಾಗಿಸಿದರೆ 50,000 ಸೆಕೆಂಡು, ಅಂದರೆ ಸುಮಾರು 14 ಗಂಟೆ. ಸಂಜೆ ಕಚೇರಿ ಮುಚ್ಚಿದಾಗ ಶುರುಮಾಡಿದರೂ ಬೆಳಿಗ್ಗೆ ತೆರೆಯುವ ಹೊತ್ತಿಗೆ ಮುಗಿಯುವುದು ಅನುಮಾನ. ನಾಲ್ಕು ತಾಲ್ಲೂಕುಗಳೂ ಒಂದೇ ಲೈನನ್ನು ಹಂಚಿಕೊಂಡರೆ ಎರಡು ದಿವಸ ದಾಟುತ್ತದೆ. ಅಷ್ಟರಲ್ಲಿ ಇನ್ನೆರಡು ದಿವಸದ ಬದಲಾವಣೆಗಳು ಬಂದು ಕೂತಿರುತ್ತವೆ.

ಆದರೆ ಒಂದು ದಿವಸದಲ್ಲಿ ಬದಲಾಗುವ ಪಹಣಿಗಳು ಎಷ್ಟು? 300 ಎನ್ನೋಣ. 1,200 ಕಿಲೋಬೈಟ್, 150 ಸೆಕೆಂಡು, ಎರಡೂವರೆ ನಿಮಿಷ! ಆದಕಾರಣ ಇಡೀ ಪುಸ್ತಕವನ್ನು ಒಮ್ಮೆ ಮಾತ್ರ ನಕಲು ಮಾಡಿ, ಬೇಕಾದರೆ ಡಿಸ್ಕಿಗೆ ತುಂಬಿ ಬಸ್ಸಿನಲ್ಲೇ ಕಳುಹಿಸಿ, ಅಲ್ಲಿಂದ ಮುಂದೆ ಬದಲಾದದ್ದನ್ನು ಮಾತ್ರ ಲೈನಿನಲ್ಲಿ ಕಳುಹಿಸುವುದು ಈ ವಿದ್ಯೆಯ ಮೊದಲ ಉಪಾಯ. ಬಸ್ಸು ಎಂದದ್ದಕ್ಕೆ ನಗಬೇಡಿ. ಬಹಳ ದಾಖಲೆ ಒಟ್ಟಿಗೆ ಸಾಗಬೇಕಾದಾಗ ಇಂದಿಗೂ ಡಿಸ್ಕುಗಳನ್ನು ಲಾರಿಯಲ್ಲಿ ಹೇರಿ ಒಯ್ಯುವುದುಂಟು.

ಕ್ರಮಸಂಖ್ಯೆ ಮತ್ತು ರಸೀದಿ

ಬದಲಾದದ್ದನ್ನು ಮಾತ್ರ ಕಳುಹಿಸುವುದೆಂದರೆ ಹೇಳಿದಷ್ಟು ಸುಲಭವಲ್ಲ. ಒಂದು ಉದಾಹರಣೆ ನೋಡಿ. ತಂದೆಯ 3 ಎಕರೆಯನ್ನು ಇಬ್ಬರು ಮಕ್ಕಳು ತಲಾ 1 ಎಕರೆ 20 ಗುಂಟೆಯಂತೆ ಭಾಗ ಮಾಡಿಕೊಂಡರು. ಮಾರನೆಯ ದಿವಸ ಕಿರಿಯವನು ತನ್ನ ಭಾಗವನ್ನು ಮಾರಿದನು. ಎರಡನೆಯ ಸುದ್ದಿ ಮೊದಲು ತಲುಪಿದರೆ ದೂರದ ಪುಸ್ತಕದಲ್ಲಿ ಕಿರಿಯವನ ಹೆಸರೇ ಇಲ್ಲ, ಮಾರಿದವನು ಯಾರು? ಹಾಗಾಗಿ ಮೂಲವಿರುವ ಕಡೆ ಒಂದು ಬದಲಾವಣೆ ಪುಸ್ತಕ ಇಡುತ್ತಾರೆ. ಆದದ್ದೆಲ್ಲ ಆದ ಕ್ರಮದಲ್ಲಿಯೇ ನಂಬರು ಹಾಕಿಕೊಂಡು ಅದರಲ್ಲಿ ಸೇರುತ್ತದೆ. ಪ್ರತಿಯ ಕಡೆಯವರು 4,117ನೆಯದನ್ನು ಬರೆದುಕೊಂಡ ಮೇಲೆಯೇ 4,118ನ್ನು ಮುಟ್ಟುತ್ತಾರೆ. 4,119 ಮೊದಲು ಬಂದರೆ ಅದನ್ನು ಪಕ್ಕಕ್ಕಿಟ್ಟು ಕಾಯುತ್ತಾರೆ. ಲೈನು ಮಧ್ಯೆ ಕಡಿದರೆ ಮತ್ತೆ ಬಂದಾಗ ‘ನಮ್ಮಲ್ಲಿ 4,118ರ ತನಕ ಆಗಿದೆ, ಮುಂದಿನದು ಕೊಡಿ’ ಎಂದರೆ ಸಾಕು. ಮೊದಲಿನಿಂದ ಶುರುಮಾಡಬೇಕಾಗಿಲ್ಲ.

ಇನ್ನೊಂದು ಸೂಕ್ಷ್ಮ. ಕಟ್ಟು ತಲುಪಿತು, ಪ್ರತಿಯ ಕಡೆಯವರು ಬರೆದುಕೊಂಡು ರಸೀದಿಯನ್ನೂ ಕಳುಹಿಸಿದರು, ಆದರೆ ರಸೀದಿ ಬರುವ ದಾರಿಯಲ್ಲಿ ಲೈನು ಹೋಯಿತು. ಕಳುಹಿಸಿದವರಿಗೆ ಗೊತ್ತಿಲ್ಲ, ಮತ್ತೆ ಕಳುಹಿಸುತ್ತಾರೆ. ಬದಲಾವಣೆಯನ್ನು ‘20 ಗುಂಟೆ ಕಳೆಯಿರಿ’ ಎಂದು ಬರೆದಿದ್ದರೆ ಎರಡು ಸಲ ಕಳೆದು 40 ಗುಂಟೆ, ಅಂದರೆ ಒಂದು ಎಕರೆಯೇ ಹೋಯಿತು. ‘ಈಗ ಉಳಿದಿರುವುದು 1 ಎಕರೆ 20 ಗುಂಟೆ’ ಎಂದು ಬರೆದಿದ್ದರೆ ಹತ್ತು ಸಲ ಬಂದರೂ ಉಳಿಯುವುದು ಅಷ್ಟೇ. ನಿಧಾನದ ಲೈನನ್ನು ನಂಬಿ ಕೆಲಸ ಮಾಡುವವರು ಇಂಥ ಮಾತಿನಲ್ಲಿ ಬಹಳ ಎಚ್ಚರಿಕೆಯಿಂದಿರುತ್ತಾರೆ. ಹಾಲಿನ ಸೊಸೈಟಿಯ ಲೆಕ್ಕ ಬರೆಯುವ ಹುಡುಗರೂ ಇದನ್ನು ಗಮನಿಸಬಹುದು.

ಎಷ್ಟು ಎಚ್ಚರವಿದ್ದರೂ ಎಂದಾದರೊಮ್ಮೆ ಎರಡು ಪುಸ್ತಕಗಳು ಬೇರೆಯಾಗುತ್ತವೆ. ಕಂಡುಹಿಡಿಯುವುದು ಹೇಗೆ? ಎಲ್ಲವನ್ನೂ ಮತ್ತೆ ಕಳುಹಿಸಿದರೆ ಪುನಃ 14 ಗಂಟೆ. ಇಲ್ಲಿ ಜಮಾಬಂದಿಯ ಬುದ್ಧಿಯೇ ಕೆಲಸಕ್ಕೆ ಬರುತ್ತದೆ: ಮೊದಲು ಮೊತ್ತವನ್ನು ಮಾತ್ರ ತಾಳೆ ನೋಡಿ. ಗ್ರಾಮದಲ್ಲಿ 256 ಸರ್ವೆ ನಂಬರುಗಳಿದ್ದರೆ ಅಷ್ಟರದೂ ಒಂದು ಮೊತ್ತ. ಎರಡೂ ಕಡೆ ಒಂದೇ ಆಗಿದ್ದರೆ ಮುಗಿಯಿತು. ಬೇರೆಯಾದರೆ ಮೊದಲ 128ರ ಮೊತ್ತ ನೋಡಿ. ಅದು ಸರಿಯಾಗಿದ್ದರೆ ತಪ್ಪು ಉಳಿದ ಅರ್ಧದಲ್ಲಿದೆ. ಅದನ್ನು ಮತ್ತೆ ಅರ್ಧ ಮಾಡಿ. ಹೀಗೆ ಎಂಟು ಸಲ ಅರ್ಧ ಮಾಡುವುದರೊಳಗೆ ತಪ್ಪಾದ ಒಂದು ಸರ್ವೆ ನಂಬರು ಸಿಕ್ಕಿಬೀಳುತ್ತದೆ. ವಿಸ್ತೀರ್ಣವನ್ನು ಮಾತ್ರ ಕೂಡಿದರೆ ಒಂದು ಕಡೆ ಹೆಚ್ಚಾದದ್ದು ಇನ್ನೊಂದು ಕಡೆ ಕಡಿಮೆಯಾಗಿ ಮೊತ್ತ ಸರಿಯಾಗಿಯೇ ಕಂಡೀತು. ಆದುದರಿಂದ ಯಂತ್ರಗಳು ಹೆಸರಿನ ಒಂದೊಂದು ಅಕ್ಷರವನ್ನೂ ಲೆಕ್ಕಕ್ಕೆ ಹಿಡಿದು ಒಂದು ಗುರುತಿನ ಸಂಖ್ಯೆ ಕಟ್ಟುತ್ತವೆ.

ಬರೆಯುವ ಕೈ ಒಂದೇ ಇರಬೇಕು

ಓದುವವರು ಎಷ್ಟು ಮಂದಿ ಇದ್ದರೂ ತೊಂದರೆಯಿಲ್ಲ. ಎರಡು ಕಡೆ ಬರೆಯಲು ಬಿಟ್ಟರೆ ಮಾತ್ರ ಜಗಳ. ಬೆಳಿಗ್ಗೆ ಒಂದು ಕಚೇರಿಯಲ್ಲಿ ಒಬ್ಬರ ಹೆಸರಿಗೆ, ಮಧ್ಯಾಹ್ನ ಇನ್ನೊಂದು ಕಚೇರಿಯಲ್ಲಿ ಬೇರೊಬ್ಬರ ಹೆಸರಿಗೆ ಅದೇ ಸರ್ವೆ ನಂಬರನ್ನು ಬರೆದುಬಿಟ್ಟರೆ, ರಾತ್ರಿ ಎರಡು ಪುಸ್ತಕಗಳು ಸೇರಿದಾಗ ಯಾವುದು ನಿಲ್ಲಬೇಕು? ಕಡೆಯಲ್ಲಿ ಬರೆದದ್ದು ನಿಲ್ಲಲಿ ಎಂದರೆ ಮೊದಲು ಕೊಂಡವನಿಗೆ ಅನ್ಯಾಯ. ಮೊದಲು ಬರೆದದ್ದು ನಿಲ್ಲಲಿ ಎಂದರೆ ಎರಡು ಕಚೇರಿಗಳ ಗಡಿಯಾರವೂ ಒಂದೇ ಆಗಿರಬೇಕು. ಇದನ್ನು ಯಂತ್ರ ತೀರ್ಮಾನ ಮಾಡಲಾರದು. ನ್ಯಾಯಾಲಯ ಮಾಡಬೇಕಾಗುತ್ತದೆ, ಅದಕ್ಕೆ ಎಷ್ಟು ವರ್ಷ ಹಿಡಿಯುತ್ತದೆಂದು ನಿಮಗೆ ಗೊತ್ತು.

ಇದಕ್ಕೆ ಭೂಮಿಯಲ್ಲಿ ಮಾಡಿದ ಏರ್ಪಾಡು ಸರಳವಾದದ್ದು. ಮಾಗಡಿ ತಾಲ್ಲೂಕಿನ ಪಹಣಿಯನ್ನು ತಿದ್ದುವ ಅಧಿಕಾರ ಮಾಗಡಿಯ ಕಂದಾಯದವರಿಗೆ ಮಾತ್ರ. ಉಪನೋಂದಣಾಧಿಕಾರಿ ಪಹಣಿಯನ್ನು ತಾವೇ ತಿದ್ದುವುದಿಲ್ಲ. ಕ್ರಯವಾಯಿತೆಂಬ ವರದಿಯನ್ನು ಕಳುಹಿಸುತ್ತಾರೆ. ಜೆ ಸ್ಲಿಪ್ ಎಂದು ನೀವು ಕೇಳಿರಬಹುದಾದದ್ದು ಅದೇ. ವರದಿ ಬಂದ ಮೇಲೆ ನೋಟೀಸು ಹೊರಡುತ್ತದೆ, ಆಕ್ಷೇಪಣೆಗೆ ಕಾಲ ಕೊಡುತ್ತಾರೆ, ಆಮೇಲೆ ಖಾತೆ ಬದಲಾಗುತ್ತದೆ. ಹಿಂದೆ ಈ ಅವಧಿ 30 ದಿವಸವಿತ್ತು. ಈಚಿನ ವರ್ಷಗಳಲ್ಲಿ ಇಳಿಸಿದ್ದಾರೆ. ನಿಮ್ಮ ಪ್ರಕರಣಕ್ಕೆ ಎಷ್ಟು ದಿವಸವೆಂಬುದನ್ನು ನೋಟೀಸಿನಲ್ಲಿಯೇ ಓದಿಕೊಳ್ಳಿ. ಈ ತಡ ಲೈನಿನ ತಡವಲ್ಲ, ಕಾನೂನು ಬೇಕೆಂದೇ ಇಟ್ಟ ತಡ. ಎರಡನ್ನೂ ಬೆರಸಬಾರದು. ‘ಸರ್ವರ್ ನಿಧಾನ ಸ್ವಾಮಿ’ ಎಂದು ಯಾರಾದರೂ ಹೇಳಿದರೆ, ತಡ ಯಾವ ಬಗೆಯದು ಎಂದು ವಿನಯವಾಗಿ ಕೇಳಿ.

2024ರ ಸೆಪ್ಟೆಂಬರಿನಿಂದ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಿಯಾದರೂ ಪತ್ರ ನೋಂದಾಯಿಸಬಹುದಾಗಿದೆ. ಮಾಗಡಿಯ ಜಮೀನಿನ ಕ್ರಯಪತ್ರವನ್ನು ಕನಕಪುರದಲ್ಲಿಯೂ ಮಾಡಿಸಬಹುದು. ಒಂದೊಂದು ಕಚೇರಿಯೂ ತನ್ನದೇ ಪುಸ್ತಕವಿಟ್ಟು ರಾತ್ರಿ ಮಾತ್ರ ತಾಳೆ ನೋಡುವ ಪದ್ಧತಿಯಲ್ಲಿ ಇದು ಅಪಾಯದ ಮಾತಾಗುತ್ತಿತ್ತು. 2023ರಲ್ಲಿ ಬಂದ ಕಾವೇರಿ 2.0ರಲ್ಲಿ ಎಲ್ಲ ಕಚೇರಿಗಳೂ ಒಂದೇ ಕೇಂದ್ರ ಭಂಡಾರದಲ್ಲಿ ಬರೆಯುವ ಏರ್ಪಾಡಾದುದರಿಂದ ಇದು ಸಾಧ್ಯವಾಯಿತು. ಲೈನುಗಳು ಸುಧಾರಿಸಿದ್ದರಿಂದಲೇ ಆ ಏರ್ಪಾಡೂ ಸಾಧ್ಯವಾದದ್ದು.

ಹಾಗೆಂದು ಒಂದೇ ಭಂಡಾರ ಎಲ್ಲಕ್ಕೂ ಪರಿಹಾರವಲ್ಲ. 2025ರ ಜನವರಿ, ಫೆಬ್ರವರಿಯಲ್ಲಿ ಹೊರಗಿನಿಂದ ಯಾರೋ ಸುಳ್ಳು ಕೋರಿಕೆಗಳ ಮಹಾಪೂರವನ್ನೇ ಹರಿಸಿದ್ದರಿಂದ ಕಾವೇರಿ 2.0 ಉಸಿರುಕಟ್ಟಿ, ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಒಟ್ಟೊಟ್ಟಿಗೆ ಕೆಲಸ ನಿಂತಿತು. ಹಿಂದಿನ ಪದ್ಧತಿಯಲ್ಲಿ ಒಂದು ತಾಲ್ಲೂಕಿನ ಯಂತ್ರ ಕೆಟ್ಟರೆ ಆ ತಾಲ್ಲೂಕಿಗೆ ಮಾತ್ರ ತೊಂದರೆ. ಹೀಗಾಗಿ ಲೈನು ಕಡಿದಾಗ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು: ಕೆಲಸ ನಿಲ್ಲಿಸಿ ತಪ್ಪಾಗದಂತೆ ನೋಡಿಕೊಳ್ಳುವುದು, ಇಲ್ಲವೆ ಕೆಲಸ ನಡೆಸಿ ಆಮೇಲೆ ತಪ್ಪು ತಿದ್ದುವುದು. ಎರಡನ್ನೂ ಒಟ್ಟಿಗೆ ಕೊಡುವ ಯಂತ್ರವನ್ನು ಯಾರೂ ಮಾಡಿಲ್ಲ, ಮಾಡಲು ಬರುವುದೂ ಇಲ್ಲ.

ಯಾವುದಕ್ಕೆ ಯಾವ ದಾರಿ ಎಂಬುದು ವಸ್ತುವಿನ ಮೇಲೆ ಹೋಗುತ್ತದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಯಂತ್ರದ ಮೂಲಕ ನಡೆಯುತ್ತದೆ. ಒಂದು ಲಾಟಿಗೆ ಕೂಗು ಒಂದೇ ಕಡೆ ಸೇರಲೇಬೇಕು. ಇಬ್ಬರು ರೀಲರುಗಳಿಗೆ ಒಂದೇ ಗೂಡು ಬೀಳಬಾರದು. ಆದರೆ ನಿನ್ನೆಯ ಸರಾಸರಿ ಧಾರಣೆಯ ಪಟ್ಟಿ ಚನ್ನಪಟ್ಟಣದ ರೈತನಿಗೆ ಒಂದು ಗಂಟೆ ತಡವಾಗಿ ತಲುಪಿದರೂ ಚಿಂತೆಯಿಲ್ಲ. ಹೊಲದ ವಿಸ್ತೀರ್ಣ ಒಂದು ತಿಂಗಳು ಹಳೆಯದಾದರೂ ಬಹುಮಟ್ಟಿಗೆ ಸರಿಯೇ. ಪಹಣಿಯ 11ನೇ ಕಲಮಿನ ಋಣ ಮಾತ್ರ ಒಂದು ದಿವಸ ಹಳೆಯದಾದರೂ ಅಪಾಯ.

ಬರೆಯುವ ಜಾಗವೇ ಬದಲಾದಾಗ ಇನ್ನೂ ಹೆಚ್ಚು ಎಚ್ಚರ ಬೇಕು. ಕನಕಪುರ ತಾಲ್ಲೂಕಿನಿಂದ ಹಾರೋಹಳ್ಳಿ ಬೇರೆಯಾಯಿತು. ಇಂಥ ಸಂದರ್ಭದಲ್ಲಿ ಹಳೆಯ ಕಡೆ ಬರವಣಿಗೆ ನಿಲ್ಲಿಸಿ, ಕಡೆಯ ಬದಲಾವಣೆಯ ತನಕ ಪ್ರತಿ ಸೇರಿದೆಯೇ ಎಂದು ಮೊತ್ತ ನೋಡಿ, ಆಮೇಲೆಯೇ ಹೊಸ ಕಡೆ ಪೆನ್ನು ತೆಗೆಯಬೇಕು. ನಡುವೆ ಒಂದು ದಿವಸ ಎರಡು ಕಡೆಯೂ ಬರೆದರೆ ಕೆಟ್ಟಿತು. ಹೆಸರಿನ ಬದಲಾವಣೆ ಅಷ್ಟು ಕಷ್ಟದ್ದಲ್ಲ. ನಮ್ಮ ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದವು; 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ನಿಮ್ಮ ಪೆಟ್ಟಿಗೆಯಲ್ಲಿರುವ ಕಾಗದದಲ್ಲಿ ಹಳೆಯ ಹೆಸರಿದ್ದರೆ ಅದು ಸುಳ್ಳು ಕಾಗದವೆಂದು ಗಾಬರಿಯಾಗಬೇಡಿ. ಅದು ಹಳೆಯ ಪ್ರತಿ, ಅಷ್ಟೇ.

ನಡುವಿನ ಸಂದು

ಮೂಲದಲ್ಲಿ ಬರೆದ ಹೊತ್ತಿಗೂ ಪ್ರತಿಯಲ್ಲಿ ಕಾಣುವ ಹೊತ್ತಿಗೂ ನಡುವೆ ಇರುವ ಸಂದಿನಲ್ಲಿಯೇ ಮೋಸ ನಡೆಯುವುದು. ಸಾತನೂರು ಹೋಬಳಿಯಲ್ಲಿ ಒಬ್ಬ ರೈತನು 2 ಎಕರೆ ಮಾರುತ್ತೇನೆಂದು ಹೇಳಿ ಪಹಣಿ ತೋರಿಸಿದನೆಂದು ಇಟ್ಟುಕೊಳ್ಳಿ. 9ನೇ ಕಲಮಿನಲ್ಲಿ ಅವನದೇ ಹೆಸರು. 11ರಲ್ಲಿ ಯಾವ ಋಣವೂ ಇಲ್ಲ. ಆದರೆ ಆ ಕಾಗದ ಅಚ್ಚಾಗಿ 25 ದಿವಸವಾಗಿದೆ. ಈ 25 ದಿವಸದಲ್ಲಿ ಅವನು ಬೇರೆಯವರಿಗೆ ಕ್ರಯ ಮಾಡಿರಬಹುದು, ಬ್ಯಾಂಕಿಗೆ ಆಧಾರ ಮಾಡಿರಬಹುದು. ಇಂದು ಹೊಸ ಪಹಣಿ ತೆಗೆಸಿದರೂ ಖಾತೆ ಬದಲಾವಣೆ ನಡೆಯುತ್ತಿದ್ದರೆ ಹಳೆಯ ಹೆಸರೇ ಇದ್ದೀತು.

ಆದಕಾರಣ ಒಂದೇ ಪ್ರತಿಯನ್ನು ನಂಬಬಾರದು. ಹಣ ಕೊಡುವ ದಿವಸವೇ ಪಹಣಿಯನ್ನು ನೀವೇ ತೆಗೆಸಿ, ದಲ್ಲಾಳಿ ತಂದದ್ದು ಬೇಡ. ಅದೇ ದಿವಸ ಋಣಭಾರ ಪತ್ರವನ್ನೂ ತೆಗೆಸಿ. ಅದು ನೋಂದಣಿಯವರ ಪುಸ್ತಕದಿಂದ ಬರುತ್ತದೆ, ಆದ್ದರಿಂದ ಪಹಣಿಗೆ ಇನ್ನೂ ಇಳಿಯದ ಕ್ರಯ ಅಲ್ಲಿ ಕಂಡೀತು. ಭೂಮಿಯ ತಾಣದಲ್ಲಿ ಆ ಸರ್ವೆ ನಂಬರಿನ ಮೇಲೆ ಖಾತೆ ಬದಲಾವಣೆ ಬಾಕಿಯಿದೆಯೇ ಎಂದು ನೋಡಿ. ಈ ಮೂರೂ ಬೇರೆ ಬೇರೆ ದಾರಿಯಿಂದ ಬಂದ ಸಾಕ್ಷಿಗಳು. ಮೂರೂ ಒಂದೇ ಮಾತು ಹೇಳಿದರೆ ಮುಂದೆ ಹೋಗಬಹುದು. ನೋಂದಣಿಯಾಗದ ಕರಾರು, ಬಾಯಿಮಾತಿನ ಭಾಗ ಇವು ಯಾವುದರಲ್ಲಿಯೂ ಕಾಣುವುದಿಲ್ಲವೆಂಬುದು ನೆನಪಿರಲಿ. ಅದಕ್ಕೆ ಹೊಲದ ಹತ್ತಿರವೇ ಹೋಗಿ ಅಕ್ಕಪಕ್ಕದವರನ್ನು ಕೇಳಬೇಕು.

ಪ್ರತಿಯ ದೋಷವಲ್ಲದ, ಮೂಲದ್ದೇ ದೋಷ ಒಂದಿದೆ. ತಾತ ತೀರಿಕೊಂಡು ಎಷ್ಟೋ ವರ್ಷಗಳಾದರೂ ಪಹಣಿಯಲ್ಲಿ ಅವರ ಹೆಸರೇ ಇರುವ ಮನೆಗಳು ನಮ್ಮಲ್ಲಿ ಬಹಳ. ಬೆಂಗಳೂರಿನಿಂದ ಹೋಬಳಿಯ ತನಕ ಎಲ್ಲ ಪ್ರತಿಗಳೂ ಅಕ್ಷರಶಃ ಸರಿಯಾಗಿಯೇ ಇವೆ. ತಾತನ ಹೆಸರನ್ನೇ ಎಲ್ಲವೂ ಹೇಳುತ್ತವೆ. ಲೈನು ಎಷ್ಟು ವೇಗವಾದರೂ ಇದನ್ನು ತಿದ್ದಲಾರದು. ಮರಣಪತ್ರ, ವಂಶವೃಕ್ಷ ಹಿಡಿದು ಗ್ರಾಮ ಆಡಳಿತ ಅಧಿಕಾರಿಗಳ ಹತ್ತಿರ ಹೋಗಿ ಪೌತಿ ಖಾತೆ ಮಾಡಿಸಿಕೊಳ್ಳುವುದೊಂದೇ ದಾರಿ. ಆಸ್ತಿಯ ತಕರಾರು ಮೊಮ್ಮಕ್ಕಳ ಕಾಲಕ್ಕೆ ಬೆಳೆಯುವ ಮೊದಲು ಅಣ್ಣತಮ್ಮಂದಿರು, ಅಕ್ಕತಂಗಿಯರು ಒಂದು ಕಡೆ ಕುಳಿತು ಇದನ್ನು ಮುಗಿಸಿಕೊಳ್ಳಿ.

ನಿಮ್ಮ ಫೋನೂ ಒಂದು ಸ್ಥಳವೇ

ಕಡೆಯದಾಗಿ ಬೆಳೆ ಸಮೀಕ್ಷೆಯ ಮಾತು. 2020ರ ಮುಂಗಾರಿನಿಂದ ರೈತರೇ ತಮ್ಮ ಹೊಲದ ಬೆಳೆಯನ್ನು ಫೋನಿನ ಆ್ಯಪ್‌ನಲ್ಲಿ ದಾಖಲು ಮಾಡಲು ಅವಕಾಶ ಬಂದಿದೆ. ಉಯ್ಯಂಬಳ್ಳಿ, ಕೋಡಿಹಳ್ಳಿ ಕಡೆಯ ಕಾಡಂಚಿನ ಹೊಲಗಳಲ್ಲಿಯೂ ಸಾವನದುರ್ಗದ ಮಗ್ಗುಲಿನಲ್ಲಿಯೂ ಸಿಗ್ನಲ್ ಸಿಗದ ಜಾಗಗಳುಂಟು. ಅದಕ್ಕಾಗಿ ಆ ಆ್ಯಪ್‌ನಲ್ಲಿ ಗ್ರಾಮದ ನಕ್ಷೆಯನ್ನು ಮೊದಲೇ ಸಿಗ್ನಲ್ ಇರುವ ಕಡೆ ಇಳಿಸಿಕೊಂಡು, ಹೊಲದಲ್ಲಿ ಚಿತ್ರ ತೆಗೆದು, ಮತ್ತೆ ಸಿಗ್ನಲ್ ಸಿಕ್ಕಾಗ ಅಪ್‌ಲೋಡ್ ಮಾಡುವ ಕ್ರಮವಿದೆ. ಅಂದರೆ ಆ ಹೊತ್ತಿನಲ್ಲಿ ಮೂಲ ಇರುವುದು ನಿಮ್ಮ ಜೇಬಿನಲ್ಲಿ! ಅಪ್‌ಲೋಡ್ ಆಗುವ ಮೊದಲು ಆ್ಯಪ್ ಅಳಿಸಿದರೆ, ಫೋನು ನೀರಿಗೆ ಬಿದ್ದರೆ, ನೀವು ರಾಗಿ ಬಿತ್ತಿದ್ದಕ್ಕೆ ಸಾಕ್ಷಿ ಎಲ್ಲಿಯೂ ಇಲ್ಲ. ಆದ್ದರಿಂದ ಹೊಲದಿಂದ ಬಂದ ದಿವಸವೇ ಸಿಗ್ನಲ್ ಇರುವ ಕಡೆ ನಿಂತು ಅಪ್‌ಲೋಡ್ ಆಯಿತೆಂದು ತೋರಿಸುವ ತನಕ ಕಾಯಿರಿ.

ಒಂದೇ ಸರ್ವೆ ನಂಬರನ್ನು ಮಗನ ಫೋನಿನಲ್ಲಿ ಒಮ್ಮೆ ಅಳಿಯನ ಫೋನಿನಲ್ಲಿ ಒಮ್ಮೆ ಮಾಡಬೇಡಿ. ಮನೆಯಲ್ಲಿ ಒಬ್ಬರು ಮಾಡಲಿ. ನೀವು ಮಾಡದೆ ಬಿಟ್ಟ ಹೊಲಕ್ಕೆ ಗ್ರಾಮದ ಸಮೀಕ್ಷಕರು ಬರುತ್ತಾರೆ. ಬದುವಿನ ಮೇಲಿನ ತೆಂಗನ್ನು ನೋಡಿ ತೋಟವೆಂದು ಬರೆದುಬಿಟ್ಟರೆ ಒಳಗಿನ ರಾಗಿ ಲೆಕ್ಕದಲ್ಲಿ ಇಲ್ಲ. ಬೆಂಬಲ ಬೆಲೆಯಲ್ಲಿ ರಾಗಿ ಕೊಡುವಾಗ, ಬೆಳೆ ವಿಮೆಯ ಹಣ ಬರಬೇಕಾದಾಗ, ಬರ ಪರಿಹಾರ ಹಂಚುವಾಗ ಕಚೇರಿಯವರು ನೋಡುವುದು ಈ ಸಮೀಕ್ಷೆಯ ದಾಖಲೆಯನ್ನು. ವಿಮೆ ಕಟ್ಟಿದ ಬೆಳೆ ಒಂದು, ಸಮೀಕ್ಷೆಯಲ್ಲಿ ಬರೆದ ಬೆಳೆ ಇನ್ನೊಂದಾದರೆ ಹಣ ನಿಲ್ಲುತ್ತದೆ. ಏನು ದಾಖಲಾಗಿದೆ ಎಂಬುದನ್ನು ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ಸರ್ವೆ ನಂಬರು ಕೊಟ್ಟು ನೋಡಬಹುದು, ತಪ್ಪಿದ್ದರೆ ಅಲ್ಲಿಯೇ ಆಕ್ಷೇಪಣೆ ಹಾಕಬಹುದು. ಆಕ್ಷೇಪಣೆಗೆ ಕಡೆಯ ದಿನ ಹಂಗಾಮಿನಿಂದ ಹಂಗಾಮಿಗೆ ಬೇರೆ. ಅದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಂಡು, ಕುಯ್ಲಿಗೆ ಮುಂಚೆ, ಪೈರು ಹೊಲದಲ್ಲಿ ನಿಂತಿರುವಾಗಲೇ ಹಾಕಿರಿ. ಕುಯ್ದ ಮೇಲೆ ತೋರಿಸಲು ಉಳಿಯುವುದು ಕೂಳೆ ಮಾತ್ರ.